ಏಳುನೂರ ಒಂದನೆಯ ಡಾಲರ್

ಬದ್ರಿಯಾ ಯಾರನ್ನೂ ನಂಬುತ್ತಿರಲಿಲ್ಲ. ಮಹನೆ ಯೆಹುದಾ ಮಾರುಕಟ್ಟೆಯಲ್ಲಿ ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತುವಳು. ಒಳಗೆ ಹುಳ ಇದ್ದರೆ ಕೇಳಿಸುತ್ತದಂತೆ. ತಕ್ಕಡಿಯವನ ಹೆಬ್ಬೆರಳು ಎಲ್ಲಿದೆ ಎಂದು ನೋಡದೆ ಒಂದು ಹಿಡಿ ಕಡಲೆಯನ್ನೂ ತೂಗಿಸಿಕೊಂಡವಳಲ್ಲ. ಜೆರುಸಲೇಮಿನ ಆ ಹಳೆಯ ಕೇರಿಯ ಒಂದೇ ಅಂಗಳದಲ್ಲಿ ನಾನು ಅವಳ ಜೊತೆ ಮೂವತ್ತೊಂದು ವರ್ಷ ಬಾಳಿದೆ. ಅವಳ ಬಾಗಿಲಿಗೂ ನನ್ನ ಬಾಗಿಲಿಗೂ ನಡುವೆ ಹದಿನಾಲ್ಕು ಹೆಜ್ಜೆ, ಒಂದು ಮುಚ್ಚಿದ ಬಾವಿ. ಇಷ್ಟು ಹತ್ತಿರವಿದ್ದರೂ ನನ್ನಿಂದ ಒಂದು ಲೋಟ ಸಕ್ಕರೆ ಕಡ ತೆಗೆದುಕೊಂಡರೆ ಲೋಟದ ಬಾಯಿಗೆ ಚಾಕು ಎಳೆದು ಮಟ್ಟ ಮಾಡಿ ಒಯ್ಯುವಳು, ಹಾಗೆಯೇ ಮಟ್ಟ ಮಾಡಿ ತಂದುಕೊಡುವಳು.

"ಇರ್ಲಿ ಬಿಡೇ, ನಾಲ್ಕು ಕಾಳು ಹೆಚ್ಚಾದ್ರೆ ಏನಾಯ್ತು?" ಎಂದರೆ ಕಣ್ಣು ಕೆಕ್ಕರಿಸುವಳು.

"ಏನಾಯ್ತಾ? ಕೊಟ್ಟದ್ದಕ್ಕಿಂತ ನಾಲ್ಕು ಕಾಳು ಹೆಚ್ಚು ಬಂದ್ರೆ ಅದು ಬಡ್ಡಿ ಕಣೇ ಅದೀಲೆ. ನಿನ್ನ ಸಕ್ಕರೆಗೋಸ್ಕರ ನಾನು ನರಕಕ್ಕೆ ಹೋಗ್ಲಾ?"

ಅವಳು ಹುಟ್ಟಿದ್ದು ಸಿರಿಯಾದ ಅಲೆಪ್ಪೊದಲ್ಲಿ, ನಾನೂ ಅಲ್ಲಿಯವಳೇ. ಅವಳ ಅಪ್ಪ ಯಾರದೋ ಒಂದು ಕಾಗದಕ್ಕೆ ಸಾಕ್ಷಿ ಹಾಕಿ, ಆ ಕಾಗದದಲ್ಲಿ ಆಮೇಲೆ ಒಂದು ಸಾಲು ಹೆಚ್ಚಾಗಿ, ಅಂಗಡಿ ಕಳೆದುಕೊಂಡನಂತೆ. ಅಂದಿನಿಂದ ಆ ಮನೆಯಲ್ಲಿ ಕಾಗದವೆಂದರೆ ಹಾವು. ಅವಳು ಓದು ಕಲಿಯಲಿಲ್ಲ, ಕಲಿಯದೆ ಹೋದದ್ದಕ್ಕೆ ನೊಂದುಕೊಳ್ಳಲೂ ಇಲ್ಲ. ಇಲ್ಲಿಗೆ ಬಂದ ಮೇಲೆ ಒಬ್ಬ ದರ್ಜಿಗೆ ಕೋಟುಗಳ ಕಾಜಾ, ಅಂದರೆ ಗುಂಡಿಮನೆ, ಹೊಲಿದುಕೊಟ್ಟಳು. ಮೂವತ್ತು ವರ್ಷ ಬರೀ ಗುಂಡಿಮನೆ. ಗಂಡ ಅಬ್ಬೂದ್ ಬೇಗ ತೀರಿಕೊಂಡ, ಮಕ್ಕಳಿಲ್ಲ. ಕೂಲಿಯಲ್ಲಿ ಉಳಿದದ್ದನ್ನು ತಿಂಗಳು ತಿಂಗಳೂ ಡಾಲರ್ ಮಾಡಿಸಿಕೊಂಡು ಎತ್ತಿಡುತ್ತಿದ್ದಳು. ಸರಕಾರದ ಶೆಕೆಲ್ ನೋಟಿನ ಮೇಲೆ ನಂಬಿಕೆಯಿಲ್ಲ, ಬ್ಯಾಂಕಿನ ಮೇಲಂತೂ ಇಲ್ಲವೇ ಇಲ್ಲ. ಎಂಬತ್ತಮೂರರಲ್ಲಿ ಬ್ಯಾಂಕಿನ ಷೇರುಗಳೆಲ್ಲ ಒಂದೇ ವಾರದಲ್ಲಿ ಕುಸಿದು ನಮ್ಮ ಕೇರಿಯವರೆಲ್ಲ ತಲೆ ಮೇಲೆ ಕೈಹೊತ್ತು ಕೂತಾಗ ಇಡೀ ಅಂಗಳದಲ್ಲಿ ಒಂದು ಕಾಸೂ ಕಳೆದುಕೊಳ್ಳದವಳು ಅವಳೊಬ್ಬಳೇ. ಅವಳಿಗೆ ಅದೇ ಕೆಟ್ಟದಾಯಿತು ಎನ್ನುತ್ತೇನೆ ನಾನು. ಸಂಶಯದವರ ಸಂಶಯ ಒಂದು ಸಲ ನಿಜವಾಗಬಾರದು. ನಿಜವಾದರೆ ಮತ್ತೆ ಅವರನ್ನು ಹಿಡಿಯುವವರಿಲ್ಲ.

ಇಂಥವಳು ಸಾಲ ಕೊಡುತ್ತಿದ್ದಳು ಎಂದರೆ ನಗಬೇಡಿ. ಕೊಡುತ್ತಿದ್ದಳು. ಅಬ್ಬೂದ್ ಸಾಯುವಾಗ, "ದುಡ್ಡು ಮಲಗಿಸಬೇಡ, ಕಷ್ಟದಲ್ಲಿರೋರಿಗೆ ಕೊಡು" ಎಂದಿದ್ದ. ಯೆಹೂದಿಗಳಾದ ನಮ್ಮಲ್ಲಿ ನಮ್ಮವರಿಗೆ ಬಡ್ಡಿಯಿಲ್ಲದೆ ಸಾಲ ಕೊಡುವುದು ದಾನಕ್ಕಿಂತ ದೊಡ್ಡದು, ಬಡ್ಡಿ ತೆಗೆದುಕೊಳ್ಳುವುದು ದೊಡ್ಡ ಪಾಪ. ಕೊಡುವವನಿಗೂ ಪಾಪ, ತೆಗೆದುಕೊಳ್ಳುವವನಿಗೂ ಪಾಪ, ನಡುವೆ ನಿಂತ ಸಾಕ್ಷಿಗೂ ಪಾಪ. ಬದ್ರಿಯಾ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕೊಡುವಳು, ಡಾಲರಿನಲ್ಲೇ ಕೊಡುವಳು, ಡಾಲರಿನಲ್ಲೇ ತೆಗೆದುಕೊಳ್ಳುವಳು. ಕಾಗದವಿಲ್ಲ. ಗುಂಡಿಮನೆಯ ರೇಷ್ಮೆದಾರದಲ್ಲಿ ನೂರಕ್ಕೊಂದು ಗಂಟು ಹಾಕಿಡುವಳು, ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸುವಳು. "ನೀನು ಮಾತಾಡ್ಬೇಡ. ಕೇಳಿಸ್ಕೊ, ಸಾಕು."

ಸಾಲಗಾರನನ್ನು ಅವಳು ನಂಬುತ್ತಿರಲಿಲ್ಲ ನಿಜ. ತನ್ನನ್ನು ಅದಕ್ಕಿಂತಲೂ ಕಡಿಮೆ ನಂಬುತ್ತಿದ್ದಳು. ತನ್ನ ಕೈಗೆ ಗೊತ್ತಿಲ್ಲದೆ ಬಡ್ಡಿ ಅಂಟಿಬಿಟ್ಟೀತು ಎಂಬುದೇ ಅವಳ ಹೆದರಿಕೆ. ಸಾಲ ಪಡೆದವರು ಅವಳ ಬುಟ್ಟಿ ಹೊರುವಂತಿಲ್ಲ, ತಟ್ಟೆಯಲ್ಲಿ ತಿಂಡಿ ಕಳಿಸುವಂತಿಲ್ಲ. ಮೊದಲು ರೂಢಿಯಿಲ್ಲದಿದ್ದರೆ ಬೆಳಗಿನ ನಮಸ್ಕಾರವೂ ಇಲ್ಲ. "ನಿಮ್ಮಿಂದ ಬದುಕಿದೆ" ಎಂದು ಬಾಯಲ್ಲಿ ಹೇಳುವುದಂತೂ ಕೂಡದು. ಬಾಯಿಮಾತಿನ ಬಡ್ಡಿಯೂ ಬಡ್ಡಿಯೇ ಎಂದು ನಮ್ಮ ಧರ್ಮ ಹೇಳುತ್ತದೆ. ಉಳಿದವರು ಇದನ್ನೆಲ್ಲ ಕಂಡೂ ಕಾಣದಂತೆ ಬಿಡುತ್ತಾರೆ. ಬದ್ರಿಯಾ ಬಿಡುವವಳಲ್ಲ.

ಇನ್ನೊಂದು ಪದ್ಧತಿಯಿತ್ತು. ಸಾಲ ಎಣಿಸುವ ಮೊದಲು ಒಂದೇ ಒಂದು ಡಾಲರ್ ನೋಟನ್ನು ಎದುರಿನವರ ಕೈಗಿಟ್ಟು, "ಇದು ನಿಂದು, ಸಾಲ ಅಲ್ಲ, ಸುಮ್ಮನೆ ಕೊಟ್ಟದ್ದು" ಎನ್ನುವಳು. ಆಮೇಲೆ ಸಾಲದ ನೋಟು. ಯಾಕೆ ಎಂದು ಎಷ್ಟೋ ವರ್ಷ ನಾನು ಕೇಳಲಿಲ್ಲ. ಹಖಾಮ್ ಮತ್ಲೂಬ್ ಹೇಳಿಕೊಟ್ಟದ್ದು ಎಂದಷ್ಟೇ ಗೊತ್ತಿತ್ತು. ಧರ್ಮ ಬಲ್ಲ ಗುರುವನ್ನು ನಮ್ಮವರು ಹಖಾಮ್ ಎನ್ನುತ್ತಾರೆ.

ಎಂಬತ್ತನಾಲ್ಕರ ಚಳಿಗಾಲದಲ್ಲಿ ಹಾಸಿಗೆ ಹೊಲಿಯುವ ರಫೂಲ್ ಬಂದ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಹತ್ತಿ ತರಿಸಿಕೊಡುವವನು ಡಾಲರ್ ಇಲ್ಲದೆ ಮೂಟೆ ಇಳಿಸುವುದಿಲ್ಲ ಎಂದಿದ್ದನಂತೆ. ಏಳುನೂರು ಬೇಕು, ಬೇಸಿಗೆ ಕಳೆದು ಬರುವ ನಮ್ಮ ಹೊಸ ವರ್ಷದ ಹಬ್ಬಕ್ಕೆ ವಾಪಸ್ಸು. ರಫೂಲ್ ಒಳ್ಳೆಯವನೇ, ಆದರೆ ಬಾಯಿ ಬಹಳ. ಕುರ್ಚಿಯ ಮೇಲೆ ಕೂರುವ ಮೊದಲೇ ಶುರುಮಾಡಿದ.

"ಬದ್ರಿಯಕ್ಕಾ, ನೀನು ಮನುಷ್ಯಳಲ್ಲ, ದೇವತೆ! ನನ್ನ ಮಕ್ಕಳು, ಮೊಮ್ಮಕ್ಕಳು, ಅವರ ಮಕ್ಕಳು..."

"ಬಾಯಿ ಮುಚ್ಚು."

"ಮುಚ್ಚಿದೆ ಅಕ್ಕಾ. ಆದ್ರೆ ಹೃದಯ ಹೇಗೆ ಮುಚ್ಚಲಿ?"

"ಅದನ್ನೂ ಮುಚ್ಚು. ಇಲ್ದಿದ್ರೆ ಎದ್ದು ಹೋಗು."

ಅವಳು ಒಂದು ಡಾಲರ್ ತೆಗೆದು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು. "ಮೊದಲು ಇದನ್ನ ಹಿಡ್ಕೊ" ಎಂದಳು. ಅಷ್ಟೇ. ಆಮೇಲೆ ಏಳುನೂರು ಎಣಿಸಿದಳು. ಅವನು ಕೈಯಲ್ಲಿದ್ದ ಒಂದನ್ನು ಉಳಿದ ನೋಟುಗಳ ಪಕ್ಕದಲ್ಲಿ ಹಿಡಿದು, ಅಂಚು ಬಣ್ಣ ಎಲ್ಲ ಹೋಲಿಸಿ ನೋಡಿ, ಎಲ್ಲವನ್ನೂ ಒಟ್ಟು ಮಡಚಿ ಒಳಜೇಬಿಗೆ ಸೇರಿಸಿದ. ಬದ್ರಿಯಾ ದಾರಕ್ಕೆ ಏಳು ಗಂಟು ಹಾಕಿದಳು. ಅವತ್ತು ಡಾಲರಿಗೆ ನೂರ ಹದಿನೈದು ಶೆಕೆಲ್.

ಆಮೇಲೆ ಬೆಲೆ ಹುಚ್ಚು ಹಿಡಿದಂತೆ ಏರಿತು. ಬೆಳಿಗ್ಗೆ ಒಂದು ಬ್ರೆಡ್ಡಿಗೆ ಒಂದು ಬೆಲೆ, ಸಂಜೆ ಇನ್ನೊಂದು. ಸಂಬಳ ಬಂದ ದಿನವೇ ಎಣ್ಣೆ, ಅಕ್ಕಿ, ಸೋಪು ಕೊಂಡುಬಿಡುತ್ತಿದ್ದೆವು, ಇಟ್ಟರೆ ಕರಗುತ್ತಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಡಾಲರಿಗೆ ನಾನೂರು. ರಫೂಲನ ಅಂಗಡಿಗೆ ಬರುವ ಗಿರಾಕಿಗಳು ಅವನನ್ನು ಚುಚ್ಚುತ್ತಿದ್ದರು: "ಎಂಬತ್ತು ಸಾವಿರ ತಗೊಂಡೆ, ಮೂರು ಲಕ್ಷದ ಹತ್ತಿರ ಕೊಡ್ತೀಯಲ್ಲೋ! ಆ ಮುದುಕಿ ನಿನ್ನ ಹತ್ತಿ ಅಲ್ಲ, ಚರ್ಮ ಹಿಂಜ್ತಾ ಇದಾಳೆ. ಬಡ್ಡಿಗೆ ಡಾಲರ್ ಅಂತ ಹೆಸರಿಟ್ಟಿದಾಳೆ." ರಫೂಲ್ ಬದ್ರಿಯಾಳನ್ನು ಕಂಡರೆ ಓಣಿಯ ಆಚೆ ಬದಿಗೆ ದಾಟತೊಡಗಿದ. ಬದ್ರಿಯಾ ಅದನ್ನೂ ಲೆಕ್ಕ ಹಾಕಿದಳು.

"ಮೂರು ಸಲ ದಾಟಿದ, ಅದೀಲೆ. ಮಂಗಳವಾರ, ಗುರುವಾರ, ಇವತ್ತು. ದುಡ್ಡು ತಿನ್ನೋನ ಕಾಲು ಹಾಗೇ ಓಡೋದು."

"ನೀನೇ ಅಲ್ವೇನೇ ನಮಸ್ಕಾರ ಮಾಡ್ಬೇಡ ಅಂದಿದ್ದು?"

"ಮಾಡ್ಬೇಡ ಅಂದೆ. ಓಡು ಅಂದೆನಾ?"

ಅದೇ ತಿಂಗಳು ಮನೆ ಮಾಲೀಕರ ಕಾಗದ ಬಂತು. ಹಳೆಯ ಮಾಲೀಕ ಸತ್ತಿದ್ದ. ಅವನ ಮಕ್ಕಳು ಅಂಗಳವನ್ನೇ ಕೋಣೆ ಕೋಣೆಯಾಗಿ ಮಾರುತ್ತಿದ್ದರು. ನನ್ನ ಕೋಣೆಯನ್ನು ನನ್ನ ಅಳಿಯ ಮೊದಲೇ ಕೊಂಡಿದ್ದ. ಬದ್ರಿಯಾಳ ಕೋಣೆಗೆ ಸಾವಿರದ ಐನೂರು ಡಾಲರ್. ಹೊಸ ವರ್ಷದ ಹಿಂದೆಯೇ ಬರುವ ಪರ್ಣಶಾಲೆಯ ಹಬ್ಬ ಮುಗಿಯುವುದರೊಳಗೆ ಕೊಟ್ಟರೆ ಅವಳದು, ಇಲ್ಲದಿದ್ದರೆ ಚಿತ್ರ ಬರೆಯುವ ಒಬ್ಬ ಹೊರಗಿನವನಿಗೆ. ಕಾಗದವನ್ನು ನಾನು ಮೂವರ ಕೈಯಲ್ಲಿ ಬೇರೆಬೇರೆಯಾಗಿ ಓದಿಸಬೇಕಾಯಿತು. ಮೂವರೂ ಒಂದೇ ಹೇಳಿದ ಮೇಲೆ ಅವಳು ಒಪ್ಪಿದಳು. ಅವಳ ಹತ್ತಿರ ಎಂಟುನೂರಿತ್ತು. ಉಳಿದ ಏಳುನೂರು ರಫೂಲನ ಹತ್ತಿರ. ಎರಡೂ ಸೇರಿದರೆ ಸರಿಯಾಗಿ ಕೋಣೆ. ಕೋಣೆ ಹೋದರೆ ಅವಳಿಗೆ ಉಳಿಯುವುದು ಹೊಲೋನ್ ಊರಿನಲ್ಲಿರುವ ನಾದಿನಿಯ ಮನೆಯ ಅಡುಗೆಮನೆ ಮೂಲೆ. ಆ ನಾದಿನಿ ಅಬ್ಬೂದನ ಮದುವೆಯ ದಿನದಿಂದಲೂ ಇವಳೊಡನೆ ಮಾತಾಡಿದವಳಲ್ಲ.

ಹೊಸ ವರ್ಷಕ್ಕೆ ಎರಡು ವಾರವಿರುವಾಗ ಒಂದು ಬೆಳಿಗ್ಗೆ ರಫೂಲ್ ಬಂದ. ಹಿಂದೆ ಅವನ ಹೆಂಡತಿ ನಜ್ಲಿ. ನಾನು ಬದ್ರಿಯಾಳ ಹೊಸ್ತಿಲಲ್ಲಿ ಕೂತು ಎಳೆಗುಂಬಳದ ತಿರುಳು ಕೆರೆಯುತ್ತಿದ್ದೆ. ರಫೂಲ್ ಹಿಟ್ಟಿನ ಚೀಲವೊಂದನ್ನು ಮೇಜಿನ ಮೇಲೆ ಬೋರಲು ಹಾಕಿದ. ಶೆಕೆಲ್ ನೋಟಿನ ಕಂತೆಗಳು ಬಿದ್ದವು.

"ತಗೋ ಅಕ್ಕಾ, ನಿನ್ನ ದುಡ್ಡು."

"ಇದೇನು?"

"ಅವತ್ತಿನ ಬೆಲೆ. ನೂರ ಹದಿನೈದರ ಲೆಕ್ಕ."

"ನಾನು ಕೊಟ್ಟದ್ದು ಡಾಲರ್ ರಫೂಲ."

"ಡಾಲರೇ. ಇಲ್ಲ ಅಂದೆನಾ? ಆದ್ರೆ ಎಂಬತ್ತು ಸಾವಿರದ್ದು ತಗೊಂಡು ಎರಡು ಲಕ್ಷದ ಎಂಬತ್ತು ಸಾವಿರದ್ದು ಕೊಟ್ರೆ ಅದಕ್ಕೇನಂತಾರೆ? ನನ್ನ ಬಾಯಿಂದ ಬೇಡ. ನೀನೇ ಹೇಳು."

ಬದ್ರಿಯಾಳ ಮುಖ ಸುಣ್ಣದಂತಾಯಿತು. ಆ ಮಾತನ್ನು ಯಾರೂ ಅವಳೆದುರು ಆಡಿರಲಿಲ್ಲ. ನೋಟು ಎಣಿಸತೊಡಗಿದಳು. ಎಂಥ ಸಂಕಟದಲ್ಲೂ ಅವಳು ಎಣಿಸದೆ ಇರಲಾರಳು. ಎಣಿಸಿ ಮುಗಿಸಿದಾಗ ಅವಳ ಕಣ್ಣು ಬೇರೆಯಾಗಿತ್ತು.

"ಎಂಬತ್ತು ಸಾವಿರದ ಐನೂರು ಇರ್ಬೇಕು. ಇಲ್ಲಿ ನೂರ ಹದಿನೈದು ಹೆಚ್ಚಿದೆ. ಇದ್ಯಾತಕ್ಕೆ? ನನ್ನ ಕೈಗೆ ಬಡ್ಡಿ ತುರುಕಿ ಆಮೇಲೆ ಊರಿಗೆಲ್ಲಾ ಸಾರೋಕೆ ಬಂದ್ಯಾ? ಯಾರು ಹೇಳಿಕೊಟ್ರು ನಿಂಗೆ ಈ ಆಟ?" ನೂರ ಹದಿನೈದು ಶೆಕೆಲನ್ನು ಅವನತ್ತ ಎಸೆದಳು.

"ಎಂಥ ಆಟ ಅಕ್ಕಾ! ಏಳುನೂರ ಒಂದು ತಗೊಂಡೆ, ಏಳುನೂರ ಒಂದಕ್ಕೆ ಕೊಟ್ಟೆ."

"ಏಳುನೂರು."

"ಒಂದು. ಇಲ್ಲಿ ನೋಡು, ಬರೆದಿಟ್ಟಿದೀನಿ." ಅವನು ಜೇಬಿನಿಂದ ಎಣ್ಣೆಜಿಡ್ಡಿನ ಪುಸ್ತಕ ತೆಗೆದ. ಅವಳು ಅದರತ್ತ ನೋಡಲೂ ಇಲ್ಲ.

"ಆ ಒಂದು ನಿಂದೇ ಕಣೋ! ಸಾಲ ಅಲ್ಲ!"

"ನಂದಾ? ಹಾಗಂತ ಯಾವಾಗ ಹೇಳಿದೆ? ಹಿಡ್ಕೊ ಅಂದೆ, ಹಿಡ್ಕೊಂಡೆ. ಊರಲ್ಲಿ ಖೋಟಾ ಡಾಲರ್ ಓಡಾಡ್ತಿದ್ವು. ಇವಳು ಸಂಶಯದವಳು, ಹೋಲಿಸಿ ನೋಡೋಕೆ ಒಂದು ಒಳ್ಳೇ ನೋಟು ಕೊಟ್ಟಿದಾಳೆ ಅಂದ್ಕೊಂಡೆ."

ಬದ್ರಿಯಾ ನನ್ನ ಕಡೆ ತಿರುಗಿದಳು. "ಏಳೇ, ಹಖಾಮರ ಹತ್ರ ಹೋಗೋಣ" ಎಂದಳು.

ಹಖಾಮ್ ಮತ್ಲೂಬ್ ಮಾರುಕಟ್ಟೆಯಲ್ಲಿ ಮಸಾಲೆ ಮಾರುವವರು. ಧರ್ಮ ಹೇಳುವುದಕ್ಕೆ ಕಾಸು ಮುಟ್ಟುತ್ತಿರಲಿಲ್ಲ, ಜೀರಿಗೆಗೆ ಮಾತ್ರ ಮುಟ್ಟುತ್ತಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂಟೆಗಳ ಮೇಲೆ ನಮ್ಮನ್ನು ಕೂರಿಸಿದರು. ರಫೂಲ್ ಒಂದು ಮೂಟೆ, ಬದ್ರಿಯಾ ಎದುರಿನ ಮೂಟೆ, ನಾನು ಅವಳ ಪಕ್ಕ. ನಜ್ಲಿ ಬಾಗಿಲಲ್ಲೇ ಬುಟ್ಟಿ ಹಿಡಿದು ನಿಂತಳು. ಹಖಾಮರು ಇಬ್ಬರ ಮಾತನ್ನೂ ಕೊನೆಯವರೆಗೆ ಕೇಳಿದರು. ಆಮೇಲೆ ರಫೂಲನಿಗೆ ಹೇಳಿದರು:

"ನೋಡಪ್ಪ, ಒಬ್ಬ ನಿನಗೆ ಒಂದು ಮೂಟೆ ಗೋಧಿ ಸಾಲ ಕೊಟ್ಟ. ನಾಳೆ ಒಂದು ಮೂಟೆ ಗೋಧಿ ವಾಪಸ್ಸು ಕೊಡು ಅಂದ. ಅಷ್ಟರಲ್ಲಿ ಗೋಧಿ ಬೆಲೆ ಮೂರು ಪಟ್ಟಾಯ್ತು. ಮೂಟೆಗೆ ಮೂಟೆ ಸರಿಹೋಯ್ತು, ಆದ್ರೆ ಬೆಲೆಯಲ್ಲಿ ನೀನು ಮೂರರಷ್ಟು ಕೊಟ್ಟ ಹಾಗಾಯ್ತು. ಅದು ಬಡ್ಡಿಯ ವಾಸನೆ. ಈ ದೇಶದಲ್ಲಿ ಶೆಕೆಲ್ ದುಡ್ಡು. ಡಾಲರ್ ಗೋಧಿ ಇದ್ದ ಹಾಗೆ, ಸರಕು."

"ನಾನು ಹೇಳಿದ್ದೂ ಅದೇ!" ಎಂದ ರಫೂಲ್.

"ತಡಿ. ನಿನ್ನ ಮನೇಲಿ ಮೊದಲೇ ನಿಂದೇ ಆದ ಗೋಧಿ ಒಂದು ಹಿಡಿ ಇದ್ರೂ ಸಾಕು, ಮೂಟೆಗೆ ಮೂಟೆ ತೀರಿಸ್ಬಹುದು. ನಿನ್ನ ಹತ್ರ ಇರೋದನ್ನೇ ಸಾಲ ತಗೊಂಡ ದಿನವೇ ಅವನಿಗೆ ಕೊಟ್ಟ ಲೆಕ್ಕ. ಆಮೇಲೆ ಬೆಲೆ ಏರಿದ್ದು ಅವನ ಗೋಧಿಗೆ. ಅದಕ್ಕೇ ನಾನು ಬದ್ರಿಯಾಗೆ, ಮೊದಲು ಒಂದು ಡಾಲರ್ ಉಡುಗೊರೆ ಕೊಡು ಅಂತ ಹೇಳಿಕೊಟ್ಟದ್ದು. ಆ ಒಂದು ಅವನ ಸ್ವಂತದ್ದಾಗ್ಬೇಕು. ಆಮೇಲೆ ಎಷ್ಟು ಕೊಟ್ರೂ ಚಿಂತೆಯಿಲ್ಲ." ಬದ್ರಿಯಾಳ ಕಡೆ ತಿರುಗಿದರು. "ಕೊಟ್ಯಾ?"

"ಕೊಟ್ಟೆ. ಬೆರಳು ಮಡಚಿ ಕೊಟ್ಟೆ."

"ಉಡುಗೊರೆ ಅಂತ ಹೇಳಿದ್ಯಾ?"

ಅವಳು ಮೇಲುಹೊದಿಕೆಯ ಅಂಚನ್ನು ಮಡಚಿ ಬಿಡಿಸಿದಳು. ಹಖಾಮರು ನನ್ನನ್ನು ನೋಡಿದರು. "ಅದೀಲೆ, ನೀನಿದ್ಯಲ್ಲ. ಏನು ಕೇಳಿಸ್ತು?"

ಕೇಳಿಸಿಕೊಳ್ಳುವುದೊಂದೇ ನನ್ನ ಕೆಲಸವಾಗಿತ್ತು. "'ಮೊದಲು ಇದನ್ನ ಹಿಡ್ಕೊ' ಅಂದಳು. ಅಷ್ಟೇ" ಎಂದೆ.

ಬದ್ರಿಯಾ ಮೂಟೆಯ ಮೇಲೆಯೇ ನನ್ನಿಂದ ಒಂದು ಗೇಣು ಸರಿದು ಕೂತಳು. "ನಿನಗೆಷ್ಟು ಕೊಟ್ರು?" ಎಂದಳು ಮೆಲ್ಲಗೆ.

ಮೂವತ್ತೊಂದು ವರ್ಷದಲ್ಲಿ ಅವಳ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಆ ಒಂದು ಸಲ.

"ಯಾಕಮ್ಮ ಹೇಳ್ಲಿಲ್ಲ? ಎಲ್ಲರಿಗೂ ಹೇಳೋಳು ಇವನಿಗ್ಯಾಕೆ ಹೇಳ್ಲಿಲ್ಲ?" ಎಂದರು ಹಖಾಮರು.

"ಇವನ ಬಾಯಿಗೆ ಹೆದರಿ, ಬುದ್ಧಿ! ಬರೀ ಕೂತ್ಕೊ ಅಂದಿದ್ದಕ್ಕೇ ದೇವತೆ ಮಾಡಿದ. ಉಡುಗೊರೆ ಅಂದಿದ್ರೆ ಇನ್ನೇನು ಹಾಡ್ತಿದ್ನೋ. ಹೊಗಳಿಕೆನೂ ಬಡ್ಡಿ ಅಂತ ನೀವೇ ಅಲ್ವಾ ಹೇಳಿದ್ದು? ಆ ಬಡ್ಡಿ ತಪ್ಪಿಸೋಕೆ ಬಾಯಿ ಮುಚ್ಕೊಂಡೆ."

ಹಖಾಮರು ಕಣ್ಣು ಮುಚ್ಚಿದರು. ನಗುತ್ತಿದ್ದರೋ ನೊಂದಿದ್ದರೋ ಗಡ್ಡದಲ್ಲಿ ತಿಳಿಯಲಿಲ್ಲ. "ಸಣ್ಣ ಗುಂಡಿಗೆ ಹೆದರಿ ದೊಡ್ಡ ಬಾವಿಗೆ ಬಿದ್ದೆಯಲ್ಲಮ್ಮ. ಅವನು ಸಾಲ ಅಂದ್ಕೊಂಡು ತಗೊಂಡದ್ದು ಉಡುಗೊರೆ ಆಗೋಲ್ಲ. ಆ ಒಂದು ಡಾಲರ್ ಅವನದಾಗ್ಲಿಲ್ಲ. ಅವನು ಕೊಡ್ಬೇಕಾದದ್ದು ಅವತ್ತಿನ ಶೆಕೆಲ್ ಬೆಲೆ ಮಾತ್ರ."

ಎಂಬತ್ತು ಸಾವಿರ ಶೆಕೆಲ್ ಎಂದರೆ ಈಗ ಇನ್ನೂರು ಡಾಲರ್. ಬದ್ರಿಯಾ ಬೆರಳು ಮಡಚಿ ಮಡಚಿ ಅದನ್ನೇ ಎಣಿಸುತ್ತಿದ್ದಳು.

"ನನ್ನ ಕೋಣೆ, ಬುದ್ಧಿ?"

"ಗೊತ್ತಮ್ಮ. ಬೇರೆ ಕಡೆ ದೊಡ್ಡ ದೊಡ್ಡ ಗುರುಗಳು ಇದಾರೆ. ಡಾಲರಿನ ಬೆಲೆ ದಿನಾ ಪೇಟೆಯಲ್ಲಿ ಗೊತ್ತಾಗತ್ತೆ, ಯಾವಾಗ ಬೇಕಾದ್ರೂ ಸಿಗತ್ತೆ, ಅದಕ್ಕೇ ಇಂಥ ಸಾಲಕ್ಕೆ ದೋಷವೇ ಇಲ್ಲ ಅಂತಾರೆ. ನಾನು ಹಾಗೆ ಹೇಳೋಲ್ಲ. ಬೇಕಾದ್ರೆ ಅವರ ಹತ್ರ ಹೋಗಿ ಕೇಳು. ನಾನೇನೂ ತಪ್ಪು ತಿಳಿಯಲ್ಲ."

"ನನಗೆ ಬೇಕಾದ ಉತ್ತರ ಕೊಡೋರನ್ನ ನಾನು ಹ್ಯಾಗೆ ನಂಬಲಿ?" ಎಂದಳು. ಮೇಲುಹೊದಿಕೆ ಸರಿಮಾಡಿಕೊಂಡು ಏಳಲು ಹೊರಟಳು.

ಹಖಾಮರಿಗೇ ತಡೆಯಲಾಗಲಿಲ್ಲ. "ಇನ್ನೊಂದು ಮಾತು. ರಫೂಲ, ಸಾಲ ತಗೊಂಡ ದಿನ ನಿನ್ನ ಹತ್ರ ಬೇರೆ ಎಲ್ಲಾದ್ರೂ ಒಂದು ಡಾಲರ್ ಇತ್ತಾ? ಮನೇಲಿ, ಅಂಗಡೀಲಿ, ಬೇರೆಯವರ ಕೈಲಿ? ಪೆಟ್ಟಿಗೇಲಿದ್ದು ಬೀಗದಕೈ ಕಳೆದುಹೋಗಿದ್ರೂ ಅದು ಇದ್ದ ಹಾಗೇ ಲೆಕ್ಕ."

"ಎಲ್ಲಿಂದ ಬರ್ಬೇಕು ಬುದ್ಧಿ? ಆ ಚಳಿಗಾಲ ಎಂಟು ಡಾಲರಿಗೋಸ್ಕರ ನಮ್ಮಪ್ಪನ ದೊಡ್ಡ ಕತ್ತರಿ ಮಾರಿದೋನು ನಾನು. ಅಲೆಪ್ಪೊದಿಂದ ತಂದ ಕತ್ತರಿ. ಇದ್ದಿದ್ರೆ ಮಾರ್ತಿದ್ನಾ? ಆ ಎಂಟೂ ಅವತ್ತೇ ಹತ್ತಿಯವನಿಗೆ ಹೋಯ್ತು."

ಹೊರಗೆ ಯಾರೋ ಎಳ್ಳಿನ ಬೆಲೆ ಕೇಳಿ, ಕೇಳಿದವರೇ ಬೈದುಕೊಂಡು ಹೋದರು. ಬಾಗಿಲಲ್ಲಿದ್ದ ನಜ್ಲಿ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

"ಬುದ್ಧಿ," ಎಂದಳು, "ಹೆಂಡತಿ ಹತ್ರ ಇದ್ದದ್ದು ಯಾರದು?"

"ಬೇರೆ ಮಾತಾಗದೇ ಇದ್ರೆ, ಮದುವೆಯಾದ ಮೇಲೆ ಅವಳು ದುಡಿದದ್ದು ಗಂಡನದು."

"ಈ ನಿಯಮ ಮಾಡಿದೋರು ಗಂಡಸರೇ ಇರ್ಬೇಕು."

"ಇರ್ಬಹುದಮ್ಮ. ಯಾಕೆ?"

"ನನ್ನ ಹತ್ರ ಹನ್ನೊಂದು ಡಾಲರ್ ಇತ್ತು." ಅವಳು ಗಂಡನ ಕಡೆ ನೋಡದೆ ಹೇಳುತ್ತ ಹೋದಳು. "ದೀಪದ ಹಬ್ಬದಲ್ಲಿ ಆ ಅಮೆರಿಕದ ಹೆಂಗಸಿಗೆ ಕ್ರೋಶಾ ಮೇಜುಬಟ್ಟೆ ಹಾಕಿಕೊಟ್ಟೆನಲ್ಲ, ಅದರದ್ದು. ನಿಂಬೆಹಣ್ಣಿನ ಡಬ್ಬೀಲಿ ಇಟ್ಟಿದೀನಿ." ಪರ್ಣಶಾಲೆಯ ಹಬ್ಬಕ್ಕೆ ಪೂಜೆಯ ದೊಡ್ಡ ನಿಂಬೆಯನ್ನು ಇಡುವ ಡಬ್ಬಿ ಅದು, ಹಬ್ಬ ಕಳೆದರೆ ವರ್ಷವಿಡೀ ಯಾರೂ ಮುಟ್ಟುವುದಿಲ್ಲ. "ಇವರು ಸಾಲ ತರೋಕೆ ಒಂದೂವರೆ ತಿಂಗಳು ಮೊದಲೇ ಇತ್ತು. ಈಗಲೂ ಇದೆ."

ಹಖಾಮರು ನೆಟ್ಟಗೆ ಕೂತರು. "ಹಾಗಾದ್ರೆ ಇವನ ಹತ್ರ ಇತ್ತು. ಇವನಿಗೆ ಗೊತ್ತಿರ್ಲಿಲ್ಲ, ಆದ್ರೆ ಇತ್ತು. ಬೀಗದಕೈ ಹೆಂಡತಿ ಹತ್ರ ಇತ್ತು, ಅಷ್ಟೇ. ಡಾಲರಿಗೆ ಡಾಲರ್ ಕೊಡೋದ್ರಲ್ಲಿ ದೋಷ ಇಲ್ಲ. ಏಳುನೂರು ಕೊಡ್ಬೇಕು."

ಬದ್ರಿಯಾಳ ಮುಖದಲ್ಲಿ ಬೆಳಕು ಬರುತ್ತದೆಂದು ನೋಡಿದೆ. ಬರಲಿಲ್ಲ. ಅವಳು ನಜ್ಲಿಯನ್ನೇ ದಿಟ್ಟಿಸಿದಳು, ಬದನೆಕಾಯಿಯನ್ನು ನೋಡುವ ಹಾಗೆ.

"ಸುಳ್ಳು" ಎಂದಳು.

"ಏನು?" ಎಂದರು ಹಖಾಮರು.

"ಸುಳ್ಳು ಹೇಳ್ತಿದಾಳೆ. ನನ್ನ ಕೋಣೆ ಹೋಗತ್ತೆ ಅಂತ ಮರುಕ. ಮರುಕಕ್ಕೆ ಇಲ್ಲದ ಡಾಲರ್ ಹುಟ್ಟಿಸಿ ನಂಗೆ ಐನೂರು ಡಾಲರ್ ದಾನ ಮಾಡ್ತಿದಾಳೆ. ಸಾಲ ತಗೊಂಡೋರು ಕೊಟ್ಟೋರಿಗೆ ದಾನ ಮಾಡಿದ್ರೆ ಅದೇನು, ಬುದ್ಧಿ? ಬಡ್ಡಿ ಅಲ್ವಾ?"

"ಅಯ್ಯೋ ತಾಯೀ! ತನಗೆ ನಷ್ಟ ಆಗೋ ಮಾತನ್ನ ತಾನೇ ಒಪ್ಕೊಂಡ್ರೆ ಅದು ನೂರು ಸಾಕ್ಷಿಗೆ ಸಮ ಕಣಮ್ಮ."

"ನೂರು ಸಾಕ್ಷಿ ನಂಬಿಯೇ ನಮ್ಮಪ್ಪ ಅಂಗಡಿ ಕಳಕೊಂಡದ್ದು."

ನಜ್ಲಿಗೆ ರೇಗಿತು. "ನಿಮ್ಮ ಮೇಲೆ ಮರುಕನಾ ನಂಗೆ? ನಾನು ಕಳಿಸಿದ ಸೀಬೆಹಣ್ಣಿನ ಪಾಕ ವಾಪಸ್ಸು ಕಳಿಸಿದೋರು ನೀವು! ತಟ್ಟೆ ಕೂಡ ತೊಳೀದೆ! ಬಡ್ಡಿ ತಿನ್ನೋದು ಪಾಪ ಅಂತೀರಿ. ಇನ್ನೊಬ್ಬರ ಮನೆ ತಿನ್ನೋದು ಪಾಪ ಅಲ್ವಾ? ಅದು ನನ್ನ ಮಕ್ಕಳ ಹೊಟ್ಟೇಲಿ ಬೇಡ, ಅದಕ್ಕೇ ಹೇಳಿದೆ."

ಇಷ್ಟು ಹೊತ್ತು ರಫೂಲ್ ಒಂದು ಮಾತೂ ಆಡಿರಲಿಲ್ಲ. ಅಷ್ಟು ಬಾಯಿಯವನು! ನಾನು ನೋಡುತ್ತಲೇ ಇದ್ದೆ, ಅವನ ಕುತ್ತಿಗೆ ಕೆಂಪಾಯಿತು, ಆಮೇಲೆ ಕಿವಿ. ಆಮೇಲೆ ಮೂಟೆಯಿಂದ ಎದ್ದ.

"ಹನ್ನೊಂದು! ನಾನು ಎಂಟಕ್ಕೋಸ್ಕರ ಅಪ್ಪನ ಕತ್ತರಿ ಹೊತ್ಕೊಂಡು ಹೋಗೋವಾಗ ನೀನು ಒಲೆ ಮುಂದೆ ನಿಂತು ಕಣ್ಣೀರು ಹಾಕಿದೆಯಲ್ಲೇ! 'ಪಾಪ, ಮಾವನವರ ಕತ್ತರಿ' ಅಂದೆಯಲ್ಲೇ! ನಿನ್ನ ತಲೆ ಮೇಲಿನ ಅಟ್ಟದಲ್ಲಿ ಹನ್ನೊಂದು ಡಾಲರ್!"

"ಕೊಟ್ಟಿದ್ರೆ ಅದೂ ಹತ್ತಿಯವನಿಗೇ ಹೋಗ್ತಿತ್ತು! ಹುಡುಗಿ ಹಲ್ಲಿಗೆ ಅಂತ ಇಟ್ಟದ್ದು ನಾನು!"

"ಆ ಹೆಂಗಸು ಶೆಕೆಲ್ ಕೊಟ್ಟಳು ಅಂದೆ! ಆ ಶೆಕೆಲಲ್ಲಿ ಎಣ್ಣೆ ತಂದೆ ಅಂತ ಎಣ್ಣೆ ತೋರಿಸಿದೆ!"

"ಎಣ್ಣೆ ನಮ್ಮಮ್ಮ ಕೊಟ್ಟದ್ದು!"

"ನಿಮ್ಮಮ್ಮನೂ ಸೇರಿದಾಳಾ ಇದ್ರಲ್ಲಿ?"

ಅವನು ಟೋಪಿ ತೆಗೆದು ನೆಲಕ್ಕೆ ಬಡಿದ. ಗುರುಗಳ ಎದುರು ತಲೆ ಬರಿದು ಮಾಡಿದೆನೆಂದು ನೆನಪಾಗಿ ತಕ್ಷಣ ಬಗ್ಗಿ ಎತ್ತಿ ಹಾಕಿಕೊಂಡ, ಸಿಟ್ಟಿಗೆ ಮತ್ತೆ ತೆಗೆದ. ಕಣ್ಣಲ್ಲಿ ನೀರಿತ್ತು. ಹಖಾಮರು, "ಕೂತ್ಕೊಳಪ್ಪ, ಕೂತ್ಕೊ" ಎನ್ನುತ್ತಿದ್ದರು. ಬದ್ರಿಯಾ ಮುಂದೆ ಬಾಗಿ ಅವನ ಮುಖವನ್ನು ಹತ್ತಿರದಿಂದ ನೋಡಿದಳು. ಅವಸರವಿಲ್ಲದೆ, ಬಲಗಡೆಯಿಂದೊಮ್ಮೆ, ಎಡಗಡೆಯಿಂದೊಮ್ಮೆ.

"ಇದು ನಿಜ" ಎಂದಳು ಕೊನೆಗೆ. "ಮಾತಾದ್ರೆ ಕಲಿತು ಆಡ್ಬಹುದು. ಕಿವಿ ಹೀಗೆ ಕೆಂಪಾಗೋದನ್ನ ಯಾರೂ ಹೇಳಿಕೊಡೋಕಾಗಲ್ಲ. ಹನ್ನೊಂದು ಡಾಲರ್ ಇತ್ತು. ಏಳುನೂರು ತಗೋತೀನಿ."

ಆಮೇಲೆ ಆ ಒಂದು ಡಾಲರಿನ ಜಗಳ ಶುರುವಾಯಿತು. ಸಾಲವೆಂದು ಪಡೆದದ್ದನ್ನು ಇಟ್ಟುಕೊಂಡರೆ ತನಗೆ ಕಳ್ಳತನ ಎಂದ ರಫೂಲ್. ಉಡುಗೊರೆಯೆಂದು ಕೊಟ್ಟದ್ದನ್ನು ಹಿಂದಕ್ಕೆ ಪಡೆದರೆ ತನಗೆ ಬಡ್ಡಿ ಎಂದಳು ಬದ್ರಿಯಾ. ಏಳುನೂರರ ಜಗಳಕ್ಕಿಂತ ಇದೇ ಉದ್ದವಾಗುವಂತಿತ್ತು. ಹಖಾಮರು ಮೂಟೆಗಳ ಹಿಂದಿನಿಂದ ಅನಾಥರ ದಾನದ ಡಬ್ಬಿ ಎಳೆದು ಇಬ್ಬರ ನಡುವೆ ಇಟ್ಟರು. "ಇದರಲ್ಲಿ ಹಾಕಿ, ನನ್ನ ಅಂಗಡಿ ಬಿಟ್ಟು ಏಳಿ" ಎಂದರು. ರಫೂಲ್ ಮರುದಿನ ಹ್ಯಾಗೋ ಒಂದು ಡಾಲರ್ ತಂದು ಹಾಕಿದನಂತೆ. ಹಾಕಿದ್ದು ಹೌದೋ ಅಲ್ಲವೋ ಎಂದು ಬದ್ರಿಯಾ ಹೋಗಿ ಕೇಳಿಕೊಂಡು ಬಂದಳು.

ಏಳುನೂರು ಹೊಂದಿಸಲು ಅವನಿಗೆ ಕಷ್ಟವೇ ಆಯಿತು. ಆದರೆ ಅವನ ಹತ್ತಿಯ ಬೆಲೆಯೂ ಡಾಲರಿನ ಜೊತೆಯೇ ಏರಿತ್ತು ಎಂಬುದನ್ನು ಅವನ ಗಿರಾಕಿಗಳು ಚುಚ್ಚುವಾಗ ಹೇಳಿರಲಿಲ್ಲ. ಉಳಿದಿದ್ದ ಎರಡು ಮೂಟೆಯನ್ನು ಇನ್ನೊಬ್ಬ ಹಾಸಿಗೆಯವನಿಗೆ ಮಾರಿದ, ಮೈದುನನನ್ನು ಕಾಡಿ ಪಡೆದ, ನಜ್ಲಿಯ ಹನ್ನೊಂದನ್ನೂ ಸೇರಿಸಿದ. ಪರ್ಣಶಾಲೆಯ ಹಬ್ಬದ ಮೂರನೆಯ ದಿನ ಕೊನೆಯ ಕಂತು ಬಂತು. ಅವನು ಹೆಂಡತಿಯ ಮೇಲಿನ ಸಿಟ್ಟು ಬಿಟ್ಟನಂತೆ, ಹುಡುಕುವುದನ್ನು ಮಾತ್ರ ಬಿಡಲಿಲ್ಲ. ಆಮೇಲೆ ವರ್ಷಗಟ್ಟಲೆ ಮನೆಯ ಯಾವ ಡಬ್ಬಿ ಕಂಡರೂ ಮುಚ್ಚಳ ತೆಗೆದು ನೋಡುತ್ತಿದ್ದ ಎಂದು ನಜ್ಲಿ ನನ್ನ ಹತ್ತಿರ ನಗುತ್ತಿದ್ದಳು. ಎಲ್ಲಿಡುತ್ತೀಯೇ ಈಗ ಎಂದು ಕೇಳಿದರೆ ನನಗೂ ಹೇಳುತ್ತಿರಲಿಲ್ಲ.

ಬದ್ರಿಯಾ ನನ್ನ ಹತ್ತಿರ ಎಂಟು ದಿನ ಮಾತಾಡಲಿಲ್ಲ. ಒಂಬತ್ತನೆಯ ದಿನ ಬಂದು ಹೊಸ್ತಿಲಲ್ಲಿ ನಿಂತು, "ಕೇಳಿಸಿದ್ದನ್ನ ಕೇಳಿಸಿದ ಹಾಗೇ ಹೇಳಿದೆ. ನಂಗೆ ಆಗತ್ತೆ ಅಂತ ಸುಳ್ಳು ಹೇಳಿದ್ದಿದ್ರೆ ಇನ್ನೊಂದು ದಿನ ನಂಗಾಗದ ಸುಳ್ಳೂ ಹೇಳ್ತಿದ್ದೆ" ಎಂದಳು. ಅವಳ ಬಾಯಲ್ಲಿ ಅದು ಕ್ಷಮೆ ಕೇಳಿದ ಹಾಗೆ. ನಾನು ಕಾಫಿಗೆ ನೀರಿಟ್ಟೆ.

ಹಬ್ಬ ಮುಗಿಯುವ ಹಿಂದಿನ ದಿನ ನಾವಿಬ್ಬರೂ ಮಾಲೀಕರ ವಕೀಲನ ಹತ್ತಿರ ಹೋದೆವು. ಅವನು ನೋಟುಗಳನ್ನು ಎರಡು ಸಲ ಎಣಿಸಿದ. ಅವಳು ಮೂರನೆಯ ಸಲ ಎಣಿಸಲು ಹೇಳಿದಳು. ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ನನ್ನ ಅಳಿಯನಿಂದ, ಓಣಿಯ ಮೇಷ್ಟರಿಂದ, ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ಅಪರಿಚಿತ ಸಿಪಾಯಿಯಿಂದ ಓದಿಸಿದಳು. ಆ ಸಿಪಾಯಿ ಬಸ್ಸು ತಪ್ಪಿಸಿಕೊಂಡ.

ಅದೇ ಸಂಜೆ ಮಾರುಕಟ್ಟೆಯಿಂದ ದೊಡ್ಡ ಬೀಗ ತಂದು ಬಾಗಿಲಿಗೆ ಹಾಕಿಸಿದಳು. ಬೆಳಗಾಗುವಷ್ಟರಲ್ಲಿ ಬೀಗದವನ ಹತ್ತಿರ ಇನ್ನೊಂದು ಕೀಲಿ ಇದ್ದೀತೆಂದು ಹೊಳೆದು, ಬೇರೆ ಅಂಗಡಿಯಿಂದ ಎರಡನೆಯ ಬೀಗ ತಂದಳು. ಆ ಕೋಣೆಯಲ್ಲಿ ಇನ್ನೂ ಒಂಬತ್ತು ವರ್ಷ ಬಾಳಿದಳು. ಎರಡೂ ಬೀಗ ತೆಗೆಯಲು ಅವಳಿಗೆ ಬಹಳ ಹೊತ್ತು ಬೇಕಾಗುತ್ತಿತ್ತು, ನಾನು ನನ್ನ ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ.